"ಈ ಹಲ್ಲು ಇನ್ನೆಷ್ಟು ವರ್ಷ ಇರ್ತದ್ರೀ?": ವಸಡಿನ ಕಾಯಿಲೆ ಇರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಬ್ಬಳ್ಳಿಯಲ್ಲಿ ವಸಡಿನ ಚಿಕಿತ್ಸೆ ಮಾಡುವ ದಂತ ವೈದ್ಯೆ. ಧಾರವಾಡ, ಗದಗ, ಹಾವೇರಿ ಕಡೆಯಿಂದಲೂ ಜನ ಬರುತ್ತಾರೆ. ಊರು ಬೇರೆ ಬೇರೆ, ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚು ಕಡಿಮೆ ಅವೇ. ದಿನಾ ಬಾಯಲ್ಲಿ ಹೇಳುವುದನ್ನು ಒಮ್ಮೆ ಬರೆದಿಟ್ಟರೆ ಬಸ್ಸಲ್ಲಿ ಕೂತಾಗ ಓದಿಕೊಳ್ಳುತ್ತೀರಿ ಅಂತ ಇಲ್ಲಿ ಹಾಕಿದ್ದೇನೆ.

ಮೇಡಂ, ಈ ಹಲ್ಲು ಇನ್ನೆಷ್ಟು ವರ್ಷ ಇರ್ತದ್ರೀ?

ಬುಡ ಗಟ್ಟಿ ಇರುವ ಹಲ್ಲನ್ನು ನೋಡಿ "ಇದು ಉಳಿಯುತ್ತದೆ" ಅಂತ ಧೈರ್ಯವಾಗಿ ಹೇಳಬಲ್ಲೆ. ಆ ಮಾತು ತಪ್ಪುವುದು ಕಡಿಮೆ. ಆದರೆ "ಇದು ಹೋಗುತ್ತದೆ, ಇಷ್ಟು ವರ್ಷಕ್ಕೆ ಹೋಗುತ್ತದೆ" ಅಂತ ಹೇಳಿದರೆ ಅದನ್ನು ಅರ್ಧ ಮಾತ್ರ ನಂಬಿ. ನಾನು ಹೇಳಿದರೂ ಅಷ್ಟೇ, ಬೇರೆ ಯಾರು ಹೇಳಿದರೂ ಅಷ್ಟೇ.

ಇದು ವಿನಯಕ್ಕೆ ಹೇಳುವ ಮಾತಲ್ಲ. ಅಮೆರಿಕದ ವಸಡು ತಜ್ಞ ಮೈಕೆಲ್ ಮೆಗ್ವೈರ್ 1991ರಲ್ಲಿ ತಮ್ಮ 100 ರೋಗಿಗಳ ಲೆಕ್ಕವನ್ನು ಪ್ರಕಟಿಸಿದರು. ಚಿಕಿತ್ಸೆಯ ಹೊತ್ತಿಗೆ ಒಂದೊಂದು ಹಲ್ಲಿಗೂ ಭವಿಷ್ಯ ಬರೆದಿಟ್ಟಿದ್ದರು: ಒಳ್ಳೆಯದು, ಪರವಾಗಿಲ್ಲ, ಕಷ್ಟ, ಅನುಮಾನ, ಆಸೆ ಇಲ್ಲ. ವರ್ಷಗಳ ಮೇಲೆ ತೆಗೆದು ನೋಡಿದರೆ "ಒಳ್ಳೆಯದು" ಅಂದ ಹಲ್ಲುಗಳ ವಿಷಯದಲ್ಲಿ ಮಾತು ನಿಜವಾಗಿತ್ತು. ಅವನ್ನು ಬದಿಗಿಟ್ಟು ಉಳಿದವನ್ನು ಎಣಿಸಿದರೆ ಅರ್ಧದಷ್ಟೂ ಸರಿ ಬಂದಿರಲಿಲ್ಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಸರಿ ಬರುತ್ತಿತ್ತು.

ನನ್ನದೇ ಒಂದು ಉದಾಹರಣೆ. ಹಾವೇರಿ ಕಡೆಯ ರೈತರೊಬ್ಬರ ಕೆಳಗಿನ ದವಡೆ ಹಲ್ಲು ನೋಡಿ "ಎರಡು ವರ್ಷ ಬಂದರೆ ಜಾಸ್ತಿ" ಅಂದಿದ್ದೆ. ಒಂಬತ್ತು ವರ್ಷ ಆಯ್ತು. ಬಂದಾಗಲೆಲ್ಲ ಬಾಯಿ ತೆಗೆಯುವ ಮೊದಲು ಅವರೇ ಕೇಳುತ್ತಾರೆ: "ಎರಡ ವರ್ಷ ಆತೇನ್ರೀ ಮೇಡಂ?"

ಹಾಗಾಗಿ ಈಗ ನಾನು ವರ್ಷದ ಲೆಕ್ಕ ಹೇಳುವುದು ಬಿಟ್ಟಿದ್ದೇನೆ. ಈ ಮೂರು ತಿಂಗಳಲ್ಲಿ ಯಾವ ಕಡೆ ವಾಲುತ್ತಿದೆ ಅಂತ ಅಳೆದು ಹೇಳುತ್ತೇನೆ.

ಹುಳುಕೇ ಇಲ್ಲ, ಆದ್ರೂ ಹಲ್ಲು ಯಾಕೆ ಸಡಿಲ ಆಗ್ತದೆ?

ಹುಳುಕು ಹಲ್ಲನ್ನು ತಿನ್ನುತ್ತದೆ, ವಸಡಿನ ಕಾಯಿಲೆ ಹಲ್ಲು ನಿಂತ ಮೂಳೆಯನ್ನು ಕರಗಿಸುತ್ತದೆ. ದವಡೆ ಹಲ್ಲಿನ ಬೇರು ಸುಮಾರು 12–13 ಮಿ.ಮೀ. ಉದ್ದ. ಅದರಲ್ಲಿ ಅರ್ಧ ಮೂಳೆ ಕರಗಿದರೂ ನೋವೇ ಇಲ್ಲದಿರಬಹುದು. ಬೇಲಿಯ ಗೂಟಕ್ಕೆ ಏನೂ ಆಗಿರುವುದಿಲ್ಲ, ಮಳೆಗೆ ಸುತ್ತಲಿನ ಮಣ್ಣು ಕೊಚ್ಚಿ ಹೋಗಿರುತ್ತದೆ, ಹಾಗೆ. ನೋವಿಲ್ಲ ಅನ್ನುವುದೇ ಈ ಕಾಯಿಲೆಯ ದೊಡ್ಡ ತೊಂದರೆ. ಹುಳುಕು ಹಲ್ಲಿನವರು ರಾತ್ರಿ ನಿದ್ದೆ ಕೆಟ್ಟು ಬೆಳಿಗ್ಗೆ ಓಡಿ ಬರುತ್ತಾರೆ. ವಸಡಿನ ಕಾಯಿಲೆಯವರು ಹತ್ತು ವರ್ಷ ತಡ ಮಾಡಿ ಬರುತ್ತಾರೆ.

ಸಣ್ಣ ಕಡ್ಡಿ ಚುಚ್ಚಿ ನಂಬರ್ ಹೇಳ್ತೀರಲ್ಲ, ಅದೇನು?

ಅದರ ಹೆಸರು ಪ್ರೋಬ್. ತುದಿ ಮೊಂಡಾದ ತೆಳು ಸರಳು, ಮೇಲೆ ಮಿ.ಮೀ. ಗೆರೆಗಳು. ಹಲ್ಲಿಗೂ ವಸಡಿಗೂ ನಡುವಿನ ಸಂದಿಯಲ್ಲಿ ಅದನ್ನು ಮೆಲ್ಲಗೆ ಇಳಿಸುತ್ತೇವೆ. ಒತ್ತುವುದು 20–25 ಗ್ರಾಂ ತೂಕದಷ್ಟು ಮಾತ್ರ. ಒಂದು ಹಲ್ಲಿಗೆ ಆರು ಜಾಗ, ಹೊರಗೆ ಮೂರು, ಒಳಗೆ ಮೂರು. ಬುದ್ಧಿ ಹಲ್ಲು ಬಿಟ್ಟು 28 ಹಲ್ಲು ಇದ್ದರೆ 168 ಅಂಕಿ.

ನಾನು ಅಂಕಿ ಹೇಳುತ್ತೇನೆ, ಸಹಾಯಕಿ ಬರೆದುಕೊಳ್ಳುತ್ತಾಳೆ. "ಮೂರು, ಎರಡು, ಮೂರು. ಮೂರು, ಮೂರು, ನಾಲ್ಕು." ಹೀಗೆ ಹೋಗುವಾಗ ಯಾರಿಗೂ ಲಕ್ಷ್ಯ ಇರುವುದಿಲ್ಲ. "ಏಳು" ಅಂದ ಕೂಡಲೇ ಮಲಗಿದವರ ಕಾಲ ಬೆರಳು ಅಲುಗುತ್ತದೆ. ಅರ್ಥ ಹೇಳಿಕೊಡದೇ ಅರ್ಥ ಆಗಿಬಿಟ್ಟಿರುತ್ತದೆ.

1ರಿಂದ 3 ಮಿ.ಮೀ. ಅಂದರೆ ಆರೋಗ್ಯ. 4ರಿಂದ ಎಚ್ಚರ. ಚಿಕಿತ್ಸೆ ಮುಗಿದ ಮೇಲೂ 6 ಅಥವಾ ಅದಕ್ಕಿಂತ ಆಳದ ಚೀಲ (ಹಲ್ಲಿನಿಂದ ವಸಡು ಬಿಟ್ಟು ಆಳವಾದ ಆ ಸಂದಿ) ಉಳಿದಿದ್ದರೆ ಆ ಹಲ್ಲಿನ ಮೇಲೆ ಕಣ್ಣಿಡಬೇಕು. ಮುಂದೆ ಹೋಗುವ ಹಲ್ಲುಗಳಲ್ಲಿ ಇಂಥವೇ ಜಾಸ್ತಿ. "ಚಿಕಿತ್ಸೆ ಮುಗಿದ ಮೇಲೆ" ಅನ್ನುವುದನ್ನು ಮರೆಯಬೇಡಿ. ಮೊದಲ ದಿನದ ಏಳು ಏನೂ ತೀರ್ಮಾನ ಮಾಡುವುದಿಲ್ಲ. ಬೇರಿನವರೆಗೆ ಕ್ಲೀನ್ ಮಾಡಿ, ಎರಡು ಮೂರು ತಿಂಗಳು ಬಿಟ್ಟು ಅಳೆದಾಗ ಅದೇ ಏಳು ನಾಲ್ಕಕ್ಕೆ ಬರುವುದು ಉಂಟು. ಬರದೇ ಇರುವುದೂ ಉಂಟು. ಹಲ್ಲಿನ ಭವಿಷ್ಯ ಕೇಳಬೇಕಾದ್ದು ಆ ಎರಡನೇ ಅಳತೆಯ ದಿನ.

ಇನ್ನೊಂದು ಮಾತು. ಈ ಅಳತೆಯಲ್ಲಿ 1 ಮಿ.ಮೀ. ಹೆಚ್ಚು ಕಡಿಮೆ ಆಗುವುದು ಸಹಜ. ಕೈ ಸ್ವಲ್ಪ ವಾಲಿದರೂ 5 ಇದ್ದದ್ದು 6 ಆಗುತ್ತದೆ. 2 ಮಿ.ಮೀ. ಏರಿದರೆ ಮಾತ್ರ ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಬ್ರಷ್ ಮಾಡುವಾಗ ರಕ್ತ ಬರ್ತದೆ. ಹಲ್ಲು ಹೋಗ್ತಾವಾ?

ರಕ್ತ ಬಂದರೆ ವಸಡಿನಲ್ಲಿ ಉರಿಯೂತ ಇದೆ ಅಂತ. ಹಲ್ಲು ಹೋಗುತ್ತದೆ ಅಂತಲ್ಲ. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಲ್ಯಾಂಗ್ ಮತ್ತು ಜೊತೆಗಾರರು ಇದನ್ನು 1986ರಲ್ಲಿ ಅಳೆದು ನೋಡಿದರು. ಸತತ ನಾಲ್ಕು ಭೇಟಿಯಲ್ಲೂ ರಕ್ತ ಬಂದ ಜಾಗಗಳಲ್ಲಿ ಕೂಡ ಮುಂದೆ ಹಿಡಿತ ಕಳೆದುಕೊಂಡದ್ದು ಸುಮಾರು 30% ಮಾತ್ರ. ಮುಂದೆ 1990ರಲ್ಲಿ ಅವರೇ ತೋರಿಸಿದ್ದು ಇದರ ಇನ್ನೊಂದು ಮಗ್ಗುಲು. ಚುಚ್ಚಿದರೂ ರಕ್ತ ಬರದ ಜಾಗ ಕೆಡುವುದು ಬಹಳ ಅಪರೂಪ. ಅಂದರೆ ಒಳ್ಳೆಯ ಸುದ್ದಿಯನ್ನು ನಂಬಬಹುದು, ಕೆಟ್ಟ ಸುದ್ದಿಯನ್ನು ಇನ್ನೊಮ್ಮೆ ವಿಚಾರಿಸಬೇಕು. ಈ ಕಾಯಿಲೆಯಲ್ಲಿ ಎಲ್ಲ ಪರೀಕ್ಷೆಗಳ ಸ್ವಭಾವವೂ ಹೆಚ್ಚು ಕಡಿಮೆ ಹೀಗೇ.

ಸಿಗರೇಟು, ಬೀಡಿ ಸೇದುವವರಿಗೆ ಈ ನಂಬಿಕೆ ನಡೆಯುವುದಿಲ್ಲ. ನಿಕೋಟಿನ್ ವಸಡಿನ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಒಳಗೆ ಮೂಳೆ ಕರಗುತ್ತಿದ್ದರೂ ಹೊರಗೆ ರಕ್ತವೇ ಕಾಣುವುದಿಲ್ಲ. "ನನಗ ರಕ್ತಾನ ಬರೂದಿಲ್ರೀ" ಅಂತ ಹೆಮ್ಮೆಯಿಂದ ಹೇಳಿದವರ ಜೇಬಿನಲ್ಲಿ ಬೀಡಿ ಕಟ್ಟು ಇದ್ದರೆ ನಾನು ಎಕ್ಸ್‌ರೇ ಬರೆಯುತ್ತೇನೆ.

ಎಕ್ಸ್‌ರೇಯಲ್ಲಿ ಮೂಳೆ ಅರ್ಧ ಹೋಗಿದೆ ಅಂದ್ರು. ಅಂದ್ರೆ ಆಯ್ತಾ?

ಅರ್ಧ ಹೋಗಿದೆ ಅನ್ನುವುದಕ್ಕಿಂತ ಎಷ್ಟು ವರ್ಷದಲ್ಲಿ ಹೋಯಿತು ಅನ್ನುವುದು ಮುಖ್ಯ. 2018ರಲ್ಲಿ ಪ್ರಕಟವಾದ, ಈಗ ಎಲ್ಲ ಕಡೆ ಬಳಸುವ ವರ್ಗೀಕರಣದಲ್ಲಿ ಇದಕ್ಕೆ ಒಂದು ಸುಲಭ ಲೆಕ್ಕ ಇದೆ. ಬಾಯಲ್ಲಿ ಅತಿ ಕೆಟ್ಟ ಹಲ್ಲನ್ನು ಹಿಡಿದು, ಬೇರಿನ ಉದ್ದದಲ್ಲಿ ಎಷ್ಟು ಶೇಕಡಾ ಮೂಳೆ ಹೋಗಿದೆ ನೋಡಿ, ಅದನ್ನು ವಯಸ್ಸಿನಿಂದ ಭಾಗಿಸಿ. 0.25ಕ್ಕಿಂತ ಕಡಿಮೆ ಬಂದರೆ ಎ, 1ರವರೆಗೆ ಬಿ, 1 ದಾಟಿದರೆ ಸಿ. ಸಿ ಅಂದರೆ ವೇಗದ ಕಾಯಿಲೆ.

65 ವರ್ಷದ ಅಜ್ಜಿಗೆ 50% ಮೂಳೆ ಹೋಗಿದ್ದರೆ 0.77, ಅಂದರೆ ಬಿ. ಅವರ 40 ವರ್ಷದ ಮಗನಿಗೂ ಅಷ್ಟೇ 50% ಹೋಗಿದ್ದರೆ 1.25, ಅಂದರೆ ಸಿ. ಎಕ್ಸ್‌ರೇ ಎರಡೂ ಒಂದೇ ಥರ ಕಾಣುತ್ತವೆ. ಅಜ್ಜಿಗೆ ನಾನು ಧೈರ್ಯ ಹೇಳಿ ಕಳಿಸುತ್ತೇನೆ, ಮಗನನ್ನು ಕೂರಿಸಿಕೊಂಡು ಮಾತಾಡುತ್ತೇನೆ. ಆಮೇಲೆ ಯಾರೇ ಆಗಲಿ ದಿನಕ್ಕೆ ಹತ್ತು ಅಥವಾ ಹೆಚ್ಚು ಸಿಗರೇಟು ಸೇದುತ್ತಿದ್ದರೆ, ಇಲ್ಲವೇ ಮೂರು ತಿಂಗಳ ಸಕ್ಕರೆ ಪರೀಕ್ಷೆ (ಎಚ್‌ಬಿಎ1ಸಿ) 7 ಅಥವಾ ಮೇಲಿದ್ದರೆ, ಲೆಕ್ಕ ಏನೇ ಬಂದರೂ ಸಿ ಅಂತಲೇ ಹಿಡಿಯುತ್ತೇವೆ.

ಹಳೆಯ ಎಕ್ಸ್‌ರೇ ಇದ್ದರೆ ದಯವಿಟ್ಟು ಎಸೆಯಬೇಡಿ. ಐದು ವರ್ಷದ ಹಿಂದಿನ ಒಂದು ಫಿಲ್ಮ್ ಇದ್ದರೆ ಈ ಭಾಗಾಕಾರವೇ ಬೇಡ. ಎರಡನ್ನೂ ಬೆಳಕಿಗೆ ಹಿಡಿದರೆ ವೇಗ ಕಣ್ಣಿಗೇ ಕಾಣುತ್ತದೆ.

ಯಾವ ಹಲ್ಲು ಮೊದಲು ಹೋಗ್ತದೆ?

ಸಾಮಾನ್ಯವಾಗಿ ಮೇಲಿನ ದವಡೆ ಹಲ್ಲು. ಕೊನೆವರೆಗೂ ನಿಲ್ಲುವುದು ಕೆಳಗಿನ ಕೋರೆ ಹಲ್ಲು. ವಯಸ್ಸಾದವರ ಬಾಯಲ್ಲಿ ಕೆಳಗೆ ಎರಡೇ ಹಲ್ಲು ಉಳಿದಿದ್ದು ನೋಡಿದ್ದರೆ, ಅವು ಬಹುಶಃ ಆ ಎರಡೇ.

ಕಾರಣ ಬೇರಿನಲ್ಲಿದೆ. ಕೋರೆ ಹಲ್ಲಿಗೆ ಒಂದೇ ಉದ್ದನೆಯ ಬೇರು. ಕೆಳಗಿನ ದವಡೆ ಹಲ್ಲಿಗೆ ಎರಡು, ಮೇಲಿನದಕ್ಕೆ ಮೂರು. ಬೇರು ಜಾಸ್ತಿ ಇದ್ದರೆ ಹಿಡಿತ ಜಾಸ್ತಿ ಇರಬೇಕಲ್ವಾ? ಮೂಳೆ ತುಂಬಿರುವವರೆಗೆ ನಿಜ. ಬೇರು ಕವಲೊಡೆಯುವ ಜಾಗದವರೆಗೆ ಮೂಳೆ ಇಳಿಯಿತು ಅಂದರೆ ಆಟ ಬದಲಾಗುತ್ತದೆ. ಆ ಕವಲಿನ ಬಾಯಿ ಎಷ್ಟೋ ಸಲ ನಮ್ಮ ಉಪಕರಣದ ತುದಿಗಿಂತಲೂ ಕಿರಿದು. ನಿಮ್ಮ ಬ್ರಷ್ ಹೋಗುವುದಿಲ್ಲ, ನನ್ನ ಉಪಕರಣವೂ ಹೋಗುವುದಿಲ್ಲ, ಪಾಚಿ (ಹಲ್ಲಿಗೆ ಅಂಟುವ ರೋಗಾಣುಗಳ ಪದರ) ಮಾತ್ರ ಆರಾಮವಾಗಿ ಹೋಗುತ್ತದೆ. ಕವಲು ತೆರೆದ ದವಡೆ ಹಲ್ಲು ಮುಂದೆ ಕಳೆದುಹೋಗುವ ಸಾಧ್ಯತೆ, ತೆರೆಯದ ಹಲ್ಲಿಗೆ ಹೋಲಿಸಿದರೆ ಸುಮಾರು ಎರಡು ಪಟ್ಟು. ಹಾಗಂತ ಕವಲು ತೆರೆದದ್ದೆಲ್ಲ ಹೋಗುವುದಿಲ್ಲ. ಚಿಕಿತ್ಸೆ ತೆಗೆದುಕೊಂಡು ತಪ್ಪದೇ ಬರುವವರಲ್ಲಿ ಬಹುಪಾಲು ಉಳಿಯುತ್ತವೆ. ಮೇಲೆ ಹೇಳಿದ ಹಾವೇರಿ ರೈತರ ಹಲ್ಲೂ ಕವಲು ತೆರೆದದ್ದೇ. ಅವರು ಸಣ್ಣ ಬಾಟಲ್ ಬ್ರಷ್ ಥರದ ಸಂದಿ ಬ್ರಷ್ ಅನ್ನು ದಿನಾ ರಾತ್ರಿ ಆ ಕವಲಿನಲ್ಲಿ ಆಡಿಸುತ್ತಾರೆ. ನಾನು ತಪ್ಪಿದ್ದು ಅಲ್ಲೇ. ಹಲ್ಲನ್ನು ಅಳೆದಿದ್ದೆ, ಮನುಷ್ಯನನ್ನು ಅಳೆದಿರಲಿಲ್ಲ.

ತಂಬಾಕು, ಗುಟ್ಕಾ ಬಿಟ್ರೆ ಹಲ್ಲು ಉಳೀತಾವಾ?

ಉಳಿಯುವ ಸಾಧ್ಯತೆ ಏರುತ್ತದೆ. ಒಂದೇ ದಿನದಲ್ಲಲ್ಲ, ವರ್ಷಗಳು ಬೇಕು. ಸೇದುವವರಲ್ಲಿ ಹಲ್ಲು ಬೀಳುವುದೂ ಜಾಸ್ತಿ, ಚಿಕಿತ್ಸೆಗೆ ವಸಡು ಸ್ಪಂದಿಸುವುದೂ ಕಡಿಮೆ. ಬಿಟ್ಟವರ ಲೆಕ್ಕ ನಿಧಾನಕ್ಕೆ ಸೇದದವರ ಕಡೆಗೆ ಸರಿಯುತ್ತದೆ.

ನಮ್ಮ ಕಡೆ ಸೇದುವುದಕ್ಕಿಂತ ಅಗಿಯುವುದು ಹೆಚ್ಚು. ಸುಣ್ಣ-ತಂಬಾಕು ಒತ್ತಿಟ್ಟುಕೊಳ್ಳುವ ಜಾಗದಲ್ಲಿ ವಸಡು ಕೆಳಗೆ ಸರಿದು ಬೇರು ಬತ್ತಲಾಗಿರುತ್ತದೆ. ಯಾವ ಕೈಯಲ್ಲಿ ತಿಕ್ಕಿ ಯಾವ ಕಡೆ ಇಡುತ್ತೀರಿ ಅಂತ ಕೇಳದೇ ಹೇಳಬಹುದು. ಗುಟ್ಕಾದ ಅಡಿಕೆಯಿಂದ ಇನ್ನೊಂದು ಕಷ್ಟ. ಕೆನ್ನೆಯ ಒಳಪದರ ಗಡುಸಾಗಿ ಬಾಯಿ ಎರಡು ಬೆರಳಷ್ಟೂ ತೆರೆಯುವುದಿಲ್ಲ. ಆಗ ಹಿಂದಿನ ಹಲ್ಲಿಗೆ ನನ್ನ ಕೈಯೂ ಹೋಗದು, ನಿಮ್ಮ ಬ್ರಷ್ಷೂ ಹೋಗದು. ಕೆಲವು ಹೆಂಗಸರು ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲು ತಿಕ್ಕುತ್ತಾರೆ. "ಅದು ಪೌಡರ್ ಅಷ್ಟೇ, ತಂಬಾಕ ಅಲ್ರೀ" ಅನ್ನುತ್ತಾರೆ. ಅದು ತಂಬಾಕೇ ಅಕ್ಕಾರ.

ಸಕ್ಕರೆ ಕಾಯಿಲೆ ಇದೆ. ಹಲ್ಲು ಉಳಿಸೋದು ಸುಮ್ನೆ ದಂಡಾನಾ?

ಅಲ್ಲವೇ ಅಲ್ಲ. ಸಕ್ಕರೆ ಹತೋಟಿಯಲ್ಲಿದ್ದರೆ ಚಿಕಿತ್ಸೆಗೆ ವಸಡು ಎಲ್ಲರಂತೆಯೇ ಸ್ಪಂದಿಸುತ್ತದೆ. ಹತೋಟಿ ತಪ್ಪಿದರೆ ಕಾಯಿಲೆ ಓಡುತ್ತದೆ. ಇದು ಎರಡೂ ಕಡೆಯಿಂದ ನಡೆಯುವ ವ್ಯವಹಾರ. ವಸಡಿನ ಚಿಕಿತ್ಸೆ ಮಾಡಿಸಿದ ಸಕ್ಕರೆ ರೋಗಿಗಳಲ್ಲಿ ಮೂರು ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿದದ್ದು ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಕಂಡಿದೆ. ಒಂದು ಮಾತ್ರೆ ಹೆಚ್ಚಿಸಿದಷ್ಟು ಅನ್ನಲಾರೆ, ಆದರೆ ಕಡೆಗಣಿಸುವಷ್ಟು ಸಣ್ಣದೂ ಅಲ್ಲ. ನನ್ನ ಬಳಿ ಬರುವಾಗ ಇತ್ತೀಚಿನ ಸಕ್ಕರೆ ರಿಪೋರ್ಟ್ ತನ್ನಿ. "ನಾರ್ಮಲ್ ಐತ್ರೀ" ಅನ್ನುವುದು ರಿಪೋರ್ಟ್ ಅಲ್ಲ.

ಕ್ಲೀನಿಂಗ್ ಮಾಡಿಸಿದ ಮೇಲೇ ಹಲ್ಲು ಸಡಿಲ ಆದವು ಅಂತಾರಲ್ಲ?

ಯಾರಾದರೊಬ್ಬ ರೋಗಿ ಬಂದು ಇದನ್ನು ಹೇಳದ ವಾರವಿಲ್ಲ. ಕೋಪ ಮಾಡಿಕೊಳ್ಳುವ ಹಾಗಿಲ್ಲ, ಏಕೆಂದರೆ ಅವರಿಗೆ ಅನಿಸುವುದು ನಿಜ. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ವರ್ಷಗಟ್ಟಲೆ ಕಟ್ಟಿದ ಗಾರೆ (ಕಲ್ಲಿನಂತೆ ಗಟ್ಟಿಯಾದ ಪಾಚಿ) ಆರು ಹಲ್ಲನ್ನೂ ಒಂದೇ ಗೋಡೆಯಂತೆ ಹಿಡಿದಿರುತ್ತದೆ. ಅದನ್ನು ತೆಗೆದರೆ ಮೊದಲೇ ಸಡಿಲಾಗಿದ್ದ ಹಲ್ಲು ತನ್ನ ನಿಜ ಸ್ಥಿತಿ ತೋರಿಸುತ್ತದೆ. ಊದಿದ ವಸಡು ಇಳಿದಾಗ ಸಂದಿ ಕಾಣುತ್ತದೆ, ತಣ್ಣೀರು ಜುಮ್ ಅನ್ನುತ್ತದೆ. ಆ ಗಾರೆಯ ಗೋಡೆಯೇ ಮೂಳೆ ಕರಗಿಸುತ್ತಿದ್ದದ್ದು. ಕೆಲವು ವಾರದಲ್ಲಿ ಅಲುಗಾಟ ಸ್ವಲ್ಪ ಕಡಿಮೆಯಾಗುವುದೂ ಉಂಟು. ಅಲುಗುವ ಹಲ್ಲುಗಳನ್ನು ಹಿಂದಿನಿಂದ ತಂತಿ ಹಾಕಿ ಕಟ್ಟಿದರೆ ಅಗಿಯಲು ಆರಾಮ, ಆದರೆ ಕಾಯಿಲೆಯನ್ನು ತಂತಿ ನಿಲ್ಲಿಸುವುದಿಲ್ಲ.

ತಪ್ಪು ನಮ್ಮದೂ ಇದೆ. ಇದನ್ನೆಲ್ಲ ಕ್ಲೀನಿಂಗ್‌ಗೆ ಮೊದಲು ಹೇಳಬೇಕು. ಆಮೇಲೆ ಹೇಳಿದರೆ ಸಬೂಬಿನ ಹಾಗೆ ಕೇಳಿಸುತ್ತದೆ.

ನಮ್ಮಪ್ಪಗೂ ನಲವತ್ತೈದಕ್ಕೇ ಹಲ್ಲು ಹೋದವು. ನನಗೂ ಹಾಗೇನಾ?

ಒಂದು ಪಾಲು ವಂಶದ್ದು ನಿಜ. ಅವಳಿಗಳನ್ನು ಹೋಲಿಸಿ ನೋಡಿದ ಅಮೆರಿಕದ ಅಧ್ಯಯನವೊಂದು (2000) ಈ ಕಾಯಿಲೆಯಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧ ಭಾಗ ಹುಟ್ಟಿನಿಂದ ಬಂದದ್ದು ಅಂತ ಅಂದಾಜಿಸಿತು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಶ್ರೀಲಂಕಾದ ಲೆಕ್ಕ. 1970ರಲ್ಲಿ ನಾರ್ವೆ ಮೂಲದ ಹರಾಲ್ಡ್ ಲೋ ಮತ್ತು ಜೊತೆಗಾರರು ಅಲ್ಲಿನ ಚಹಾ ತೋಟದ 480 ಗಂಡಸು ಕೂಲಿಗಳ ಹಲ್ಲು ನೋಡಲು ಶುರು ಮಾಡಿದರು. 15 ವರ್ಷ ನೋಡಿದರು. ಆ ಜನ ಬ್ರಷ್ ಕಂಡವರಲ್ಲ, ಹಲ್ಲಿನ ಡಾಕ್ಟರನ್ನೂ ಕಂಡವರಲ್ಲ. ಎಲ್ಲರ ಬಾಯಲ್ಲೂ ಪಾಚಿ, ಗಾರೆ, ಊದಿದ ವಸಡು. ಆದರೂ 8% ಜನರಿಗೆ ಕಾಯಿಲೆ ಓಡಿತು, 45ರ ಹೊತ್ತಿಗೆ ಅವರ ಬಾಯಿ ಹೆಚ್ಚು ಕಡಿಮೆ ಖಾಲಿ. 81% ಜನರಿಗೆ ನಿಧಾನಕ್ಕೆ ಸಾಗಿತು. 11% ಜನರಿಗೆ ವಸಡಿನ ಉರಿಯೂತ ಬಿಟ್ಟು ಮುಂದಕ್ಕೆ ಏನೂ ಆಗಲೇ ಇಲ್ಲ. ಹೊಲ ಒಂದೇ, ಮಳೆ ಒಂದೇ, ಬೆಳೆ ಮಾತ್ರ ಮೂರು ಥರ.

ಅಪ್ಪನ ಕಥೆ ನಿಮ್ಮದಾಗಬೇಕಿಲ್ಲ. ಆದರೆ ಅಪ್ಪನ ಕಥೆ ಗೊತ್ತಿದ್ದವರು ಇಪ್ಪತ್ತೈದಕ್ಕೇ ಒಮ್ಮೆ ಪ್ರೋಬ್ ಹಾಕಿಸಿ ನೋಡಿಕೊಳ್ಳಬೇಕು.

ನಮ್ಮೂರು ಮುಂಡರಗಿ ಕಡೆ. ನೀರಿನಿಂದ ಹಲ್ಲು ಕಂದು ಆಗಿವೆ. ಅದಕ್ಕೇ ಅಲುಗಾಡ್ತಾವಾ?

ಬಣ್ಣಕ್ಕೆ ಕಾರಣ ಬೋರ್‌ವೆಲ್ ನೀರಿನ ಫ್ಲೋರೈಡ್. ಹಲ್ಲು ಬೆಳೆಯುವ ಚಿಕ್ಕ ವಯಸ್ಸಿನಲ್ಲಿ ಅದು ಜಾಸ್ತಿ ಸೇರಿದರೆ ಮೇಲ್ಪದರದ ಮೇಲೆ ಕಂದು ಕಲೆ ಬರುತ್ತದೆ. ಗದಗ ಜಿಲ್ಲೆಯ ಎಷ್ಟೋ ಹಳ್ಳಿಯಲ್ಲಿ ಇದು ಸಾಮಾನ್ಯ. ಅಲುಗಾಟ ಬೇರೆ ವಿಷಯ, ಅದು ಮೂಳೆಯದ್ದು. ಇವೆರಡನ್ನೂ ಒಂದೇ ಅಂದುಕೊಂಡು "ನೀರಿನ ದೋಷ, ಏನ್ ಮಾಡೂಣು" ಅಂತ ಬಿಟ್ಟುಬಿಡುವವರು ಬಹಳ. ಕಲೆ ಹೋಗದಿದ್ದರೂ ನಡೆಯುತ್ತದೆ, ಅಲುಗಾಟವನ್ನು ತೋರಿಸಿ.

ಮೂರು ತಿಂಗಳಿಗೊಮ್ಮೆ ಬರಲೇಬೇಕಾ? ಹಾವೇರಿಯಿಂದ ಬರಬೇಕು, ಒಂದು ದಿನದ ದುಡಿಮೆ ಹೋಗ್ತದೆ.

ಹಲ್ಲು ಉಳಿಯುತ್ತದೋ ಇಲ್ಲವೋ ಅನ್ನುವುದನ್ನು ಅತಿ ಹೆಚ್ಚು ತೀರ್ಮಾನಿಸುವುದು ಇದೇ. ನನಗೆ ಗೊತ್ತು, ಇದು ಡಾಕ್ಟರಿಗೆ ಲಾಭದ ಮಾತು ಅಂತ ನಿಮಗೆ ಅನಿಸುತ್ತದೆ. ಲೆಕ್ಕ ನೋಡಿ.

ಅಮೆರಿಕದಲ್ಲಿ ಹರ್ಷ್‌ಫೆಲ್ಡ್ ಮತ್ತು ವಾಸರ್‌ಮನ್ ಎಂಬ ಇಬ್ಬರು 1978ರಲ್ಲಿ ತಮ್ಮ 600 ರೋಗಿಗಳ ದಾಖಲೆ ತೆಗೆದರು. ಸರಾಸರಿ 22 ವರ್ಷ ಬಿಡದೆ ತಪಾಸಣೆಗೆ ಬಂದವರು. ಆ ಇಡೀ ಅವಧಿಯಲ್ಲಿ ವಸಡಿನ ಕಾಯಿಲೆಯಿಂದ ಕಳೆದುಹೋದದ್ದು ಸುಮಾರು 7% ಹಲ್ಲು. 83% ಜನ ಕಳೆದುಕೊಂಡದ್ದು ಮೂರು ಅಥವಾ ಅದಕ್ಕಿಂತ ಕಡಿಮೆ. ಇನ್ನು 4% ಜನರಿದ್ದರು, ಏನು ಮಾಡಿದರೂ ಹತ್ತಕ್ಕಿಂತ ಕಡಿಮೆ ಕಳೆದುಕೊಳ್ಳಲಿಲ್ಲ. ಅವರನ್ನು ಮೊದಲೇ ಗುರುತಿಸುವುದು ಹೇಗೆ ಅನ್ನುವುದೇ ಈ ವಿದ್ಯೆಯ ಮುಖ್ಯ ತಲೆನೋವು.

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಬರುವ ದಿನಗಳಲ್ಲಿ ಹಾವೇರಿ ಕಡೆಯವರು ಯಾರೂ ನನ್ನ ಕುರ್ಚಿಗೆ ಬರುವುದಿಲ್ಲ. ಮೊದಲು ಬೈಯುತ್ತಿದ್ದೆ. ಈಗ ಸೀಸನ್‌ಗೆ ಮೊದಲು ಒಂದು ಸಲ, ಮುಗಿದ ಮೇಲೆ ಒಂದು ಸಲ ಬರೆದುಕೊಡುತ್ತೇನೆ. ವಸಡು ಎರಡು ಮೂರು ಭೇಟಿಯಲ್ಲಿ ರಕ್ತ ತೋರಿಸದೇ, ಆಳ ಏರದೇ ನಿಂತರೆ ನಾಲ್ಕು ತಿಂಗಳು, ಆರು ತಿಂಗಳು ಅಂತ ಅಂತರ ಹೆಚ್ಚಿಸುತ್ತೇವೆ. ನಡುವೆ ನಿಮ್ಮೂರಿನ ಹತ್ತಿರದ ದಂತ ವೈದ್ಯರಲ್ಲೇ ಕ್ಲೀನಿಂಗ್ ಮಾಡಿಸಿ, ವರ್ಷಕ್ಕೊಮ್ಮೆ ಅಳತೆಗೆ ಇಲ್ಲಿ ಬಂದರೂ ಸಾಕು. ಅಳತೆಯ ಹಾಳೆಯ ಒಂದು ಜೆರಾಕ್ಸ್ ನಿಮ್ಮ ಹತ್ತಿರ ಇರಲಿ.

ಈಗ ಕಂಪ್ಯೂಟರ್, ಎಐ ಎಲ್ಲ ಹೇಳ್ತದಂತೆ?

ಕಂಪ್ಯೂಟರ್‌ಗೆ ಮೊದಲೇ ಕಾಗದದ ಮೇಲೆ ಬಿಡಿಸುವ ಒಂದು ಚಿತ್ರ ಇದೆ. 2003ರಲ್ಲಿ ಲ್ಯಾಂಗ್ ಮತ್ತು ಟೊನೆಟ್ಟಿ ಎಂಬುವರು ಕೊಟ್ಟದ್ದು. ಆರು ಎಳೆಯ ರಂಗೋಲಿ ಅಂದುಕೊಳ್ಳಿ. ರಕ್ತ ಬರುವ ಜಾಗಗಳು, ಉಳಿದ ಆಳದ ಚೀಲಗಳು, ಆಗಲೇ ಹೋದ ಹಲ್ಲುಗಳು, ವಯಸ್ಸಿಗೆ ತಕ್ಕ ಮೂಳೆ ನಷ್ಟ, ಸಕ್ಕರೆಯಂಥ ಕಾಯಿಲೆ ಮತ್ತು ವಂಶ, ಸಿಗರೇಟು. ಒಂದೊಂದು ಎಳೆಯ ಮೇಲೂ ಚುಕ್ಕಿ ಇಟ್ಟು ಸೇರಿಸಿದರೆ ಒಂದು ಆಕಾರ ಬರುತ್ತದೆ. ಆಕಾರ ದೊಡ್ಡದಾದಷ್ಟು ಅಪಾಯ ಜಾಸ್ತಿ. ರಕ್ತದ ಎಳೆಯಲ್ಲಿ 10%ಕ್ಕಿಂತ ಕಡಿಮೆ ಇದ್ದರೆ ನಿರಾಳ, 25% ದಾಟಿದರೆ ಚಿಂತೆ. ರೋಗಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಮುಂದಿನ ಸಲ ಬಂದಾಗ ಆಕಾರ ಸಣ್ಣದಾಗಿದ್ದರೆ ಅವರೇ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಆದರೆ ಇದು ಹೇಳುವುದು ಬಾಯಿಯ ಬಗ್ಗೆ. ಇಂಥದೇ ಹಲ್ಲು ಅಂತ ಹೇಳುವುದಿಲ್ಲ.

ಕಂಪ್ಯೂಟರ್ ಮಾದರಿಗಳ ಬಗ್ಗೆ ಒಂದು ಎಚ್ಚರಿಕೆ. "93% ನಿಖರ" ಅಂತ ಯಾರಾದರೂ ಹೇಳಿದರೆ ಬೆರಗಾಗಬೇಡಿ. ಮೇಲಿನ ಲೆಕ್ಕದಲ್ಲಿ ನೂರಕ್ಕೆ ಏಳು ಹಲ್ಲು ಹೋದವು ಅಲ್ವಾ? ನಾನು ಒಂದು ಹಲ್ಲನ್ನೂ ನೋಡದೆ "ಯಾವುದೂ ಹೋಗುವುದಿಲ್ಲ" ಅಂತ ಹೇಳಿ ಮನೆಗೆ ಹೋದರೂ 93% ಸರಿಯೇ. ಕೇಳಬೇಕಾದ ಪ್ರಶ್ನೆ, ಹೋದ ಆ ಏಳರಲ್ಲಿ ಎಷ್ಟನ್ನು ಅದು ಮೊದಲೇ ಹಿಡಿಯಿತು ಅನ್ನುವುದು. ಜೊತೆಗೆ ಎಲ್ಲಿಯ ಜನರ ಹಲ್ಲು ನೋಡಿ ಕಲಿಯಿತು ಅನ್ನುವುದೂ. ಗುಟ್ಕಾ ಗೊತ್ತಿಲ್ಲದ ಊರಿನಲ್ಲಿ ಕಲಿತ ಲೆಕ್ಕ ಹಳೇ ಹುಬ್ಬಳ್ಳಿಯಲ್ಲಿ ನಡೆಯುತ್ತದೆ ಅಂತ ನಾನು ಸುಮ್ಮನೆ ಒಪ್ಪುವುದಿಲ್ಲ.

ಹೆಂಗೂ ಹೋಗೂದ ಐತಿ, ತಗದ್ ಬಿಡ್ರಿ ಅತ್ಲಾಗ!

ಇದಕ್ಕೇ ನಾನು ಇಷ್ಟು ಉದ್ದ ಬರೆದದ್ದು. ಹಲ್ಲು ತಾನಾಗಿ ಬೀಳುವುದು ಕಡಿಮೆ. ಬಹುತೇಕ ಹಲ್ಲುಗಳನ್ನು ಯಾರೋ ಒಬ್ಬರು ಇಕ್ಕಳ ಹಿಡಿದು ಕೀಳುತ್ತಾರೆ. ಅಧ್ಯಯನಗಳಲ್ಲಿ "ಹೋದ ಹಲ್ಲು" ಅಂತ ಎಣಿಸುವುದೂ ಹೆಚ್ಚಾಗಿ ಕಿತ್ತ ಹಲ್ಲನ್ನೇ. ಡಾಕ್ಟರು "ಇದು ಹೋಗುತ್ತದೆ" ಅಂತ ಬರೆಯುತ್ತಾರೆ, ಆಮೇಲೆ ಅದೇ ಡಾಕ್ಟರು ಅದನ್ನು ಕೀಳುತ್ತಾರೆ, ಭವಿಷ್ಯ ನಿಜವಾಯಿತು ಅಂತ ಎಣಿಕೆಯಾಗುತ್ತದೆ. ಮಳೆ ಬರುತ್ತದೆ ಅಂದವರೇ ಕೊಡದಲ್ಲಿ ನೀರು ಸುರಿದ ಹಾಗೆ.

ಇದಕ್ಕೆ ಎದುರು ಉದಾಹರಣೆ ಇಟಲಿಯ ಕೊರ್ಟೆಲ್ಲಿನಿ ಮತ್ತು ಜೊತೆಗಾರರದ್ದು (2011). ಬೇರಿನ ತುದಿಯವರೆಗೆ ಹಿಡಿತ ಕಳೆದುಕೊಂಡ, "ಆಸೆ ಇಲ್ಲ" ಅನ್ನಿಸಿಕೊಂಡ 25 ಹಲ್ಲುಗಳಿಗೆ ಮೂಳೆ ಬೆಳೆಸುವ ಶಸ್ತ್ರಚಿಕಿತ್ಸೆ ಮಾಡಿದರು. ಐದು ವರ್ಷದ ಮೇಲೆ 92% ಉಳಿದಿದ್ದವು. ಆಯ್ದ ರೋಗಿಗಳು, ಪಳಗಿದ ಕೈ, ಕಟ್ಟುನಿಟ್ಟಿನ ತಪಾಸಣೆ, ಇವೆಲ್ಲ ಇದ್ದವು. ಪ್ರತಿ ಹಲ್ಲಿಗೂ ಹೀಗೆ ಆಗುತ್ತದೆ ಅಂತ ಹೇಳುತ್ತಿಲ್ಲ.

ಕೀಳಲೇಬೇಕಾದ ಹಲ್ಲು ಇರುತ್ತವೆ. ಮೇಲೆ ಕೆಳಗೆ ಕುಣಿಯುವುದು, ಪದೇ ಪದೇ ಕೀವು ತುಂಬಿ ಮುಖ ಊದುವುದು, ಪಕ್ಕದ ಒಳ್ಳೆಯ ಹಲ್ಲಿನ ಮೂಳೆಯನ್ನೂ ಎಳೆದುಕೊಂಡು ಹೋಗುವುದು. ಅಂಥದನ್ನು ಕೀಳಬೇಕು ಅಂತ ನಾನೇ ಹೇಳುತ್ತೇನೆ. ಉಳಿದದ್ದಕ್ಕೆ ಮೂರು ತಿಂಗಳು ಕೊಡಿ. ಕಿತ್ತು ಇಂಪ್ಲಾಂಟ್ (ಮೂಳೆಗೆ ಕೂರಿಸುವ ಕೃತಕ ಹಲ್ಲು) ಹಾಕಿಸಿದರೆ ಚಿಂತೆ ಮುಗಿಯಿತು ಅನ್ನುವುದೂ ತಪ್ಪು. ವಸಡಿನ ಕಾಯಿಲೆ ಇದ್ದವರಿಗೆ ಇಂಪ್ಲಾಂಟ್ ಸುತ್ತಲೂ ಅದೇ ಥರದ ಕಾಯಿಲೆ ಬರುವ ಸಾಧ್ಯತೆ ಹೆಚ್ಚು.

ಮೇಲಿನ ಹಲ್ಲು ಕಿತ್ರೆ ಕಣ್ಣು ಹೋಗ್ತದಂತೆ?

ಇಲ್ಲ.

ಬಿಪಿ ಮಾತ್ರೆಯಿಂದ ವಸಡು ಬೆಳೀತದಾ?

ಆಮ್ಲೋಡಿಪಿನ್‌ನಂಥ ಕೆಲವು ಮಾತ್ರೆಗಳಿಂದ ಕೆಲವರಿಗೆ ವಸಡು ದಪ್ಪವಾಗಿ ಹಲ್ಲಿನ ಮೇಲೆ ಏರುತ್ತದೆ. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರ ಹತ್ತಿರ ಮಾತಾಡಿ, ಬೇರೆ ಮಾತ್ರೆಗಳಿವೆ. ಪ್ರೋಬ್ ಆಳಕ್ಕೆ ಇಳಿದರೂ ಇವರಲ್ಲಿ ಮೂಳೆ ಸರಿಯಾಗಿಯೇ ಇರಬಹುದು.

ಖಡಕ್ ರೊಟ್ಟಿ ತಿನ್ನಬಹುದಾ?

ಸ್ವಲ್ಪ ಅಲುಗುವ ಹಲ್ಲಿದ್ದರೆ ಧಾರಾಳವಾಗಿ ತಿನ್ನಿ, ಆ ಕಡೆ ಜೋರು ಹಾಕಬೇಡಿ, ಅಷ್ಟೇ. ಪಲ್ಯದಲ್ಲೋ ಸಾರಿನಲ್ಲೋ ಅದ್ದಿ ಮೆತ್ತಗೆ ಮಾಡಿಕೊಂಡರೆ ಇನ್ನೂ ಒಳ್ಳೆಯದು. ರೊಟ್ಟಿಯಿಂದ ಯಾರಿಗೂ ವಸಡಿನ ಕಾಯಿಲೆ ಬಂದಿಲ್ಲ. ಆದರೆ "ಒಂದು ಕಡೆನೇ ಅಗೀತೀನ್ರೀ" ಅಂತ ನೀವು ಹೇಳಿದರೆ ಆ ಇನ್ನೊಂದು ಕಡೆಯನ್ನು ನಾನು ಮೊದಲು ನೋಡುತ್ತೇನೆ.

ದುಡ್ಡು ಕಡಿಮೆ ಇದೆ. ಎಲ್ಲಿ ತೋರಿಸಲಿ?

ದಂತ ವೈದ್ಯಕೀಯ ಕಾಲೇಜುಗಳಲ್ಲಿ ವಸಡಿಗೇ ಬೇರೆ ವಿಭಾಗ ಇರುತ್ತದೆ. ಹುಬ್ಬಳ್ಳಿ-ಧಾರವಾಡದ ನಡುವೆ ಸತ್ತೂರಿನಲ್ಲಿರುವ ಎಸ್‌ಡಿಎಂ ಕಾಲೇಜು ಅಂಥದೊಂದು. ಚಿಗರಿ ಬಸ್ಸಲ್ಲೇ ಹೋಗಬಹುದು. ಕಾಲೇಜಿನಲ್ಲಿ ವಿದ್ಯಾರ್ಥಿಗಳು ನಿಧಾನವಾಗಿ ಅಳೆಯುತ್ತಾರೆ, ಕಾಯಬೇಕಾಗುತ್ತದೆ. ಆದರೆ 168 ಅಂಕಿಯನ್ನೂ ಬಿಡದೇ ಬರೆಯುವವರು ಅವರೇ. ಜಿಲ್ಲಾ ಆಸ್ಪತ್ರೆಗಳಲ್ಲೂ ದಂತ ವೈದ್ಯರಿರುತ್ತಾರೆ. ಎಲ್ಲಿ ಹೋದರೂ "ವಸಡಿನ ಆಳ ಅಳೀರಿ" ಅಂತ ಬಾಯಿಬಿಟ್ಟು ಕೇಳಿ. ಅಳೆಯದೇ ಹಲ್ಲಿನ ಆಯಸ್ಸು ಹೇಳಿದವರನ್ನು ನಂಬಬೇಡಿ.

ಕಿತ್ತ ಹಲ್ಲನ್ನು ನಮಗೆ ಕೊಡ್ತೀರಾ?

ಕೇಳಿದರೆ ತೊಳೆದು ಕೊಡುತ್ತೇನೆ. ಕೊಡುವ ಮೊದಲು ಒಂದು ಸಲ ಬೆಳಕಿಗೆ ಹಿಡಿದು ತೋರಿಸುತ್ತೇನೆ. ಮೇಲೆ ನೀವು ದಿನಾ ಕನ್ನಡಿಯಲ್ಲಿ ಕಂಡ ಬಿಳಿ ಭಾಗ. ಅದರ ಕೆಳಗೆ ಬೇರಿನ ಮೇಲೆ ಕಪ್ಪು-ಹಸಿರು ಗಾರೆ, ಒರಟಾಗಿ, ಬೇರಿನ ಮುಕ್ಕಾಲು ಭಾಗದವರೆಗೂ ಇಳಿದಿರುತ್ತದೆ. ಉಗುರಿನಿಂದ ಕೆರೆದರೂ ಬರುವುದಿಲ್ಲ. ಅದು ನಿಂತಲ್ಲಿಂದ ತುದಿಯವರೆಗೆ ಎರಡು ಮೂರು ಮಿ.ಮೀ. ಮಾತ್ರ ಕೆಂಪು ನಾರು ಅಂಟಿಕೊಂಡಿರುತ್ತದೆ. ಇಷ್ಟು ವರ್ಷ ಹಲ್ಲು ನಿಂತದ್ದು ಅಷ್ಟರ ಮೇಲೆ.